ಕೀಲಿಗೆ ಪ್ರತಿನಿಧಿಯುಂಟೇ? ನೂತನ ಕ್ಯಾಲ್ಕ್ಯುಲೇಟರಿನ ಪೂರಣ ಮೀಮಾಂಸೆ

ಪೂರ್ವಯಂತ್ರದಲ್ಲಿದ್ದ ಕ್ರಿಯೆಯೊಂದು ಉತ್ತರಯಂತ್ರದಲ್ಲಿ ಲೋಪವಾಗಿ, ಅದರ ಜೊತೆಗೆ ಪೂರ್ವದಲ್ಲಿಲ್ಲದ ಬೇರೆ ಕ್ರಿಯೆಗಳು ಸೇರಿದ್ದರೆ, ಸೇರಿದವುಗಳಿಂದ ಲುಪ್ತವಾದುದರ ಕೊರತೆ ತುಂಬುತ್ತದೆಯೋ ಇಲ್ಲವೋ ಎಂಬುದು ಇಲ್ಲಿ ವಿಚಾರ್ಯ. ವಿಷಯವು ವೈಜ್ಞಾನಿಕ ಕ್ಯಾಲ್ಕ್ಯುಲೇಟರ್. ಯಂತ್ರಗಳ ಬೆಲೆ, ಬಣ್ಣ, ಬ್ಯಾಟರಿಯ ಆಯುಷ್ಯ ಇತ್ಯಾದಿ ಇಲ್ಲಿ ಪ್ರಕೃತವಲ್ಲ. ಯಂತ್ರವು ಲೆಕ್ಕಿಗನಿಗಾಗಿ ಏನನ್ನು ಮಾಡಬಲ್ಲದು ಎಂಬ ಸಾಮರ್ಥ್ಯವಷ್ಟೇ ಪ್ರಕೃತ. ಅದಕ್ಕೆ ಧರ್ಮವೆಂದು ಸಂಜ್ಞೆ.

ಪೂರಣದ ಲಕ್ಷಣ ಹೀಗೆ: ಲುಪ್ತಧರ್ಮವು ಸಾಧಿಸುತ್ತಿದ್ದ ಪ್ರಯೋಜನವನ್ನೇ, ಅದೇ ಅಧಿಕಾರಿಗೆ, ಅಧಿಕಾಯಾಸವಿಲ್ಲದೆ, ಉತ್ತರಕ್ರಿಯೆಗೆ ಗ್ರಾಹ್ಯವಾದ ರೂಪದಲ್ಲಿ ಸಾಧಿಸಬಲ್ಲ ಧರ್ಮಾಂತರದ ಇರವೇ ಪೂರಣ.

ಇನ್ನು ಪದಕೃತ್ಯ. ‘ಪ್ರಯೋಜನವನ್ನೇ’ ಎಂಬ ಪದವಿಲ್ಲದಿದ್ದರೆ ಯಾವುದೇ ಲೋಪವನ್ನು ಯಾವುದೇ ಲಾಭವು ತುಂಬಿತೆಂದು ಹೇಳಲು ಅವಕಾಶವಾಗಿ ಅತಿವ್ಯಾಪ್ತಿ ಬರುತ್ತದೆ. ಊರುಗೋಲು ಕಳೆದುಕೊಂಡವನಿಗೆ ಕೊಡೆ ಕೊಟ್ಟರೂ ಪೂರಣವಾದೀತು. ‘ಅದೇ ಅಧಿಕಾರಿಗೆ’ ಎನ್ನದಿದ್ದರೆ ಭೂಮಾಪಕನ ನಷ್ಟವನ್ನು ವಿದ್ಯುತ್ ಇಂಜಿನಿಯರನ ಲಾಭದಿಂದ ಸರಿದೂಗಿಸಿದಂತಾಗುತ್ತದೆ. ‘ಅಧಿಕಾಯಾಸವಿಲ್ಲದೆ’ ಎಂಬುದು ಕಾಗದ, ಪೆನ್ಸಿಲ್ ಮತ್ತು ಲಾಗರಿದಮ್ ಪುಸ್ತಕವನ್ನು ನಿವಾರಿಸುವುದಕ್ಕಾಗಿ, ಏಕೆಂದರೆ ಅವುಗಳಿಂದಲೂ ಪ್ರಯೋಜನ ಸಿದ್ಧಿಸುತ್ತದೆ, ಆದರೆ ಯಂತ್ರವಿರುವುದೇ ಆ ಆಯಾಸದ ನಿವೃತ್ತಿಗೆ. ‘ಉತ್ತರಕ್ರಿಯೆಗೆ ಗ್ರಾಹ್ಯವಾದ ರೂಪದಲ್ಲಿ’ ಎಂಬ ಕಡೆಯ ವಿಶೇಷಣದ ಮೇಲೆಯೇ ಈ ವಿಚಾರದ ಬಹುಭಾರವಿದೆ. ಅದರ ಸಾರ್ಥಕ್ಯ ಮುಂದೆ ವ್ಯಕ್ತವಾಗುತ್ತದೆ.

ಅಭಾವವೂ ಏಕವಿಧವಲ್ಲ. ನ್ಯಾಯಶಾಸ್ತ್ರದಲ್ಲಿ ಪ್ರಾಗಭಾವ, ಪ್ರಧ್ವಂಸಾಭಾವ, ಅತ್ಯಂತಾಭಾವ, ಅನ್ಯೋನ್ಯಾಭಾವ ಎಂದು ನಾಲ್ಕು ಅಭಾವಗಳು ಪ್ರಸಿದ್ಧ. ಒಂದೊಂದು ಯಂತ್ರವ್ಯಕ್ತಿಯನ್ನು ಹಿಡಿಯದೆ ಯಂತ್ರಸಂತತಿಯನ್ನು ಅಧಿಕರಣವಾಗಿ ಹಿಡಿದರೆ ಮೊದಲ ಮೂರು ಇಲ್ಲಿಗೂ ಅನ್ವಯಿಸುತ್ತವೆ. 1972ರಲ್ಲಿ ಬಂದ ಎಚ್‌ಪಿ-35 ಎಂಬ, ಕೈಯಲ್ಲಿ ಹಿಡಿಯುವ ಮೊದಲ ವೈಜ್ಞಾನಿಕ ಕ್ಯಾಲ್ಕ್ಯುಲೇಟರಿನಲ್ಲಿ ಧ್ರುವೀಯ ನಿರ್ದೇಶಾಂಕವನ್ನು ಆಯತೀಯಕ್ಕೆ ತಿರುಗಿಸುವ ಕೀಲಿ ಇರಲಿಲ್ಲ. ಅದು ಪ್ರಾಗಭಾವ. 1973ರ ಎಚ್‌ಪಿ-45ರಲ್ಲಿ ಆ ಕೀಲಿ ಬಂದು ಪ್ರಾಗಭಾವ ನಾಶವಾಯಿತು. ಅದೇ ಸಂತತಿಯ ಎಚ್‌ಪಿ-33ಎಸ್‌ನಲ್ಲಿ ಇದ್ದ ಅದೇ ಕ್ರಿಯೆ 2007ರ ಎಚ್‌ಪಿ-35ಎಸ್‌ನಲ್ಲಿ ಇಲ್ಲ. ಇದು ಪ್ರಧ್ವಂಸ. ಪ್ರಾಗಭಾವಕ್ಕೆ ಯಂತ್ರಕಾರನು ಉತ್ತರಿಸಬೇಕಿಲ್ಲ, ಪ್ರಧ್ವಂಸಕ್ಕೆ ಉತ್ತರಿಸಬೇಕು. ಏಕೆಂದರೆ ಧ್ವಂಸಕ್ಕೆ ಕಾರಣವೊಂದು ಇದ್ದೇ ಇರುತ್ತದೆ, ಮತ್ತು ಪೂರ್ವಯಂತ್ರದಲ್ಲಿ ಪಳಗಿದ ಬೆರಳು ಆ ಪ್ರತಿಯೋಗಿಯನ್ನು, ಅಂದರೆ ಇಲ್ಲವಾದುದನ್ನು, ಈಗಲೂ ಹುಡುಕುತ್ತದೆ. ಪೂರಣದ ಪ್ರಶ್ನೆ ಮುಖ್ಯಾರ್ಥದಲ್ಲಿ ಹುಟ್ಟುವುದು ಪ್ರಧ್ವಂಸದಲ್ಲಿ ಮಾತ್ರ.

ಜೈಮಿನಿಸೂತ್ರದ ಆರನೆಯ ಅಧ್ಯಾಯದ ಪ್ರತಿನಿಧಿವಿಚಾರ ಈ ಪ್ರಶ್ನೆಗೆ ದಾರಿ ತೋರುತ್ತದೆ. ಯಾಗಕ್ಕೆ ವಿಹಿತವಾದ ವ್ರೀಹಿ (ಭತ್ತ) ಸಿಗದಿದ್ದಾಗ ನೀವಾರವನ್ನು (ಕಾಡುಭತ್ತ) ಬಳಸಬಹುದು, ವ್ರೀಹಿಯಲ್ಲಿರುವ ಅವಯವಗಳಿಗೆ ಸಮಾನವಾದ ಅವಯವಗಳು ನೀವಾರದಲ್ಲೂ ಇರುವುದರಿಂದ. ಅದಕ್ಕಿಂತ ಬೆಲೆಬಾಳುವ, ಆದರೆ ಸಾದೃಶ್ಯವಿಲ್ಲದ ಮತ್ತೊಂದು ದ್ರವ್ಯಕ್ಕೆ ಆ ಸ್ಥಾನವಿಲ್ಲ. ದೇವತೆ, ಅಗ್ನಿ, ಮಂತ್ರಗಳಿಗಂತೂ ಪ್ರತಿನಿಧಿಯೇ ಇಲ್ಲ, ಅವುಗಳ ಉಪಕಾರವು ಅದೃಷ್ಟಾರ್ಥ, ಅಂದರೆ ಕಣ್ಣಿಗೆ ಕಾಣದ ಫಲಕ್ಕಾಗಿ, ಆದುದರಿಂದ. ಕ್ಯಾಲ್ಕ್ಯುಲೇಟರಿನ ಧರ್ಮಗಳೆಲ್ಲವೂ ದೃಷ್ಟಾರ್ಥ. ಆದ್ದರಿಂದ ತತ್ತ್ವತಃ ಪ್ರತಿ ಕೀಲಿಗೂ ಪ್ರತಿನಿಧಿ ಸಂಭವಿಸುತ್ತದೆ. ಪ್ರತಿನಿಧಿ ಸಂಭವಿಸುವುದೇ ಇಲ್ಲವೆಂಬ ಅತಿವಾದವು ಇಷ್ಟರಿಂದಲೇ ನಿರಸ್ತ. ಸಂಭವಿಸುವುದೆಲ್ಲ ಸಿದ್ಧಿಸಿದೆಯೇ ಎಂಬುದು ಮಾತ್ರ ಉಳಿಯುತ್ತದೆ.

ಇಲ್ಲಿ ಮೊದಲ ಪೂರ್ವಪಕ್ಷ ಸಂಖ್ಯಾವಾದಿಯದು. ಧರ್ಮಗಳನ್ನು ಎಣಿಸಬೇಕು, ಎಣಿಕೆ ಹೆಚ್ಚಿದ್ದರೆ ಪೂರಣವಾಯಿತೆಂದು ತಿಳಿಯಬೇಕು ಎಂಬುದು ಅವನ ಮತ. ಕರ್ನಾಟಕದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಯಲ್ಲಿ ಬಹುಪ್ರಚಲಿತವಾದ ಕ್ಯಾಸಿಯೊ ಎಫ್‌ಎಕ್ಸ್-991 ಸಂತತಿಯನ್ನು ಅವನು ದೃಷ್ಟಾಂತವಾಗಿ ತರುತ್ತಾನೆ: ಎಮ್‌ಎಸ್ ಮಾದರಿಯ ಪೆಟ್ಟಿಗೆಯ ಮೇಲೆ 401 ಫಂಕ್ಷನ್‌ಗಳು, ಇಎಸ್ ಪ್ಲಸ್‌ನಲ್ಲಿ 417, ಇಎಕ್ಸ್‌ನಲ್ಲಿ 552. ಸಂಖ್ಯೆ ಏರುತ್ತ ಹೋಗಿರುವುದರಿಂದ ನೂತನವೇ ಉತ್ಕೃಷ್ಟ, ಬಿಟ್ಟುಹೋದುದು ಯಾವುದಾದರೂ ಇದ್ದರೆ ಸೇರಿದವುಗಳಲ್ಲಿ ಲೀನವಾಯಿತು ಎಂದು ಅವನ ನಿಗಮನ.

ಇದು ಯುಕ್ತವಲ್ಲ. ಎಣಿಕೆಗೆ ಬೇಕಾದ ಏಕಮಾನವೇ ಇಲ್ಲಿ ಅನಿಶ್ಚಿತ. ಸೈನ್ ಕ್ರಿಯೆ ಒಂದು, ಒಂದು ಭೌತಸ್ಥಿರಾಂಕ ಒಂದು, ಒಂದು ಮಾನಪರಿವರ್ತನೆ ಒಂದು ಎಂದು ಎಣಿಸಿದರೆ ಸಮಾನವಲ್ಲದವುಗಳನ್ನು ಒಂದೇ ಸಾಲಿನಲ್ಲಿ ಕೂಡಿಸಿದಂತೆ. ದಿನಕ್ಕೆ ನೂರು ಬಾರಿ ಒತ್ತುವ ಕೀಲಿಯೂ ವರ್ಷಕ್ಕೊಮ್ಮೆ ತೆರೆಯುವ ಮೆನುವಿನ ಒಳಪದರವೂ ಸಂಖ್ಯೆಯಲ್ಲಿ ಸಮ, ಉಪಕಾರದಲ್ಲಿ ವಿಷಮ. ಸಂಕಲನದಿಂದ ಬರುವ ಉತ್ತರವು ಯಂತ್ರದ ಮಹತ್ತ್ವವನ್ನು ಹೇಳಬಹುದು, ಲುಪ್ತವಾದ ನಿರ್ದಿಷ್ಟ ಪ್ರಯೋಜನದ ಸಿದ್ಧಿಯನ್ನು ಹೇಳಲಾರದು. ಯಂತ್ರವು ಶ್ರೇಷ್ಠವಾಯಿತೇ ಎಂಬುದೊಂದು ಪ್ರಶ್ನೆ, ಕೊರತೆ ತುಂಬಿತೇ ಎಂಬುದು ಇನ್ನೊಂದು. ಇವೆರಡರ ಸಾಂಕರ್ಯವೇ ಸಂಖ್ಯಾವಾದಿಯ ಮೂಲದೋಷ. ಶ್ರೇಷ್ಠವಾದ ಯಂತ್ರದಲ್ಲೂ ಕೊರತೆ ಹಾಗೆಯೇ ಉಳಿದಿರಬಹುದು.

ಎರಡನೆಯ ಪೂರ್ವಪಕ್ಷ ಬಲವತ್ತರ. ಅದನ್ನು ಅದರ ಪೂರ್ಣಬಲದಲ್ಲೇ ನಿರೂಪಿಸಬೇಕಾಗುತ್ತದೆ. ಎಚ್‌ಪಿ-35ಎಸ್‌ನಲ್ಲಿ ಧ್ರುವೀಯ-ಆಯತೀಯ ಪರಿವರ್ತನೆಯ ಕೀಲಿಗಳು ಇಲ್ಲದಿರುವುದು ನಿಜ. ಆದರೆ ಸಂಕೀರ್ಣ ಸಂಖ್ಯೆಯು ಅಲ್ಲಿ ಪ್ರಥಮದರ್ಜೆಯ ವಸ್ತು. 33ಎಸ್‌ನಲ್ಲಿ ಒಂದು ಸಂಕೀರ್ಣ ಸಂಖ್ಯೆಯು ಸ್ಟ್ಯಾಕ್‌ನ (ಲೆಕ್ಕದ ಸಂಖ್ಯೆಗಳನ್ನು ಒಂದರ ಮೇಲೊಂದಾಗಿ ಹಿಡಿದಿಡುವ ಸಾಲಿನ) ಎರಡು ರಿಜಿಸ್ಟರ್‌ಗಳನ್ನು ಆಕ್ರಮಿಸುತ್ತಿತ್ತು. ಎಕ್ಸ್, ವೈ, ಜ಼ೆಡ್, ಟಿ ಎಂಬ ನಾಲ್ಕರಲ್ಲಿ ಎರಡೇ ಸಂಕೀರ್ಣ ಸಂಖ್ಯೆಗಳು ಹಿಡಿಯುತ್ತಿದ್ದವು. 35ಎಸ್‌ನಲ್ಲಿ ಒಂದು ರಿಜಿಸ್ಟರ್‌ಗೆ ಒಂದು ಸಂಕೀರ್ಣ ಸಂಖ್ಯೆ, ಹಾಗಾಗಿ ನಾಲ್ಕು. ಪ್ರಮಾಣವನ್ನೂ ಕೋನವನ್ನೂ ಥೀಟಾ ಚಿಹ್ನೆಯಿಂದ ಜೋಡಿಸಿ ನೇರವಾಗಿ ಊಡಿಸಬಹುದು, ಪ್ರದರ್ಶನದ ಕ್ರಮವನ್ನು ಬದಲಿಸಿದರೆ ಅದೇ ಸಂಖ್ಯೆಯು ಆಯತೀಯ ರೂಪದಲ್ಲಿ ಕಾಣಿಸುತ್ತದೆ. ಹೀಗಿರುವಾಗ ಪರಿವರ್ತನೆಯ ಕೀಲಿ ವ್ಯರ್ಥ, ರೂಪಾಂತರವೇ ಪರಿವರ್ತನೆ ಎಂದು ವಾದಿಯು ಹೇಳುತ್ತಾನೆ.

ಇದನ್ನು ಮೈದಾನದಲ್ಲಿಟ್ಟು ಪರೀಕ್ಷಿಸಬೇಕು. ಭೂಮಾಪಕನೊಬ್ಬನು ಟ್ರ್ಯಾವರ್ಸ್ (ಒಂದರ ತುದಿಗೆ ಇನ್ನೊಂದು ಸೇರಿದ ಭುಜಗಳ ಸರಣಿಯ) ಲೆಕ್ಕ ಮಾಡುತ್ತಿದ್ದಾನೆ ಎಂದಿಟ್ಟುಕೊಳ್ಳೋಣ. ಮೊದಲ ಭುಜ 100 ಮೀಟರ್, ಉತ್ತರದಿಂದ 30° ದಿಕ್ಕು. ಎರಡನೆಯದು 80 ಮೀಟರ್, 120°. 33ಎಸ್‌ನಲ್ಲಿ ಅವನು 30 ಊಡಿಸಿ, ಎಂಟರ್ ಒತ್ತಿ, 100 ಊಡಿಸಿ ಪರಿವರ್ತನೆಯ ಕೀಲಿ ಒತ್ತುತ್ತಾನೆ. ಎಕ್ಸ್‌ನಲ್ಲಿ ಉತ್ತರದ ಅಂಶ 86.60, ವೈಯಲ್ಲಿ ಪೂರ್ವದ ಅಂಶ 50.00 ಬಂದು ಕೂರುತ್ತವೆ. ಫೀಲ್ಡ್ ಬುಕ್ಕಿನಲ್ಲಿ ಬರೆದುಕೊಂಡು ಸಿಗ್ಮಾ-ಪ್ಲಸ್ ಒತ್ತಿದರೆ ಎರಡೂ ತಮ್ಮ ತಮ್ಮ ಮೊತ್ತಗಳಿಗೆ ಸೇರುತ್ತವೆ. ಎರಡನೆಯ ಭುಜಕ್ಕೂ ಹಾಗೆಯೇ: ಉತ್ತರಕ್ಕೆ −40.00, ಪೂರ್ವಕ್ಕೆ 69.28. ಮೊತ್ತಗಳು 46.60 ಮತ್ತು 119.28.

35ಎಸ್‌ನಲ್ಲಿ ಅದೇ ಲೆಕ್ಕ: 100 ಥೀಟಾ 30, ಎಂಟರ್, 80 ಥೀಟಾ 120, ಪ್ಲಸ್. ಇಷ್ಟೇ. ಉತ್ತರವು ಒಮ್ಮೆಲೇ ದೊರಕಿತು, ಧ್ರುವೀಯ ಪ್ರದರ್ಶನದಲ್ಲಿ ಅದೇ 128.06 ಮೀಟರ್, 68.66° ಎಂದೂ ಕಾಣಿಸುತ್ತದೆ. ಇಷ್ಟರಮಟ್ಟಿಗೆ ಪೂರ್ವಪಕ್ಷವನ್ನು ನಿಸ್ಸಂಕೋಚವಾಗಿ ಅಂಗೀಕರಿಸಬೇಕು. ಸಮುದಾಯಫಲ ಮಾತ್ರ ಬೇಕಾದಲ್ಲಿ ನೂತನ ಧರ್ಮವು ಲುಪ್ತಧರ್ಮವನ್ನು ತುಂಬುವುದಷ್ಟೇ ಅಲ್ಲ, ಅತಿಶಯಿಸುತ್ತದೆ. ಇದನ್ನು ಒಪ್ಪದವನು ಹಳೆಯದರ ಮೇಲಣ ಮಮತೆಯಿಂದ ಮಾತಾಡುತ್ತಾನೆಯೇ ಹೊರತು ವಿಚಾರದಿಂದಲ್ಲ.

ಆದರೆ ಟ್ರ್ಯಾವರ್ಸ್ ಲೆಕ್ಕವು ಸಮುದಾಯಫಲದಲ್ಲಿ ಪರಿಸಮಾಪ್ತವಾಗುವುದಿಲ್ಲ. ಹೊರಟ ಬಿಂದುವಿಗೇ ಮರಳಿ ಬಂದಾಗ ಮೊತ್ತಗಳು ಸೊನ್ನೆಯಾಗಬೇಕು. ಅಳತೆಯ ದೋಷದಿಂದ ಆಗುವುದಿಲ್ಲ. ಉಳಿದ ಅಂತರವನ್ನು ಬೌಡಿಚ್ ನಿಯಮದಂತೆ ಭುಜಗಳಿಗೆ ಅವುಗಳ ಉದ್ದಕ್ಕೆ ಅನುಪಾತವಾಗಿ ಹಂಚಬೇಕು, ಉತ್ತರಾಂಶದ ದೋಷ ಉತ್ತರಾಂಶಗಳಿಗೆ, ಪೂರ್ವಾಂಶದ್ದು ಪೂರ್ವಾಂಶಗಳಿಗೆ. ಅಂದರೆ ಪ್ರತಿ ಭುಜದ ಪ್ರತಿ ಅಂಶವೂ ಪ್ರತ್ಯೇಕ ವಾಸ್ತವ ಸಂಖ್ಯೆಯಾಗಿ ಕೈಗೆ ಸಿಗಬೇಕು. ಇಲ್ಲಿ 35ಎಸ್ ನಿಂತುಬಿಡುತ್ತದೆ. ಸಂಕೀರ್ಣ ಸಂಖ್ಯೆಯ ವಾಸ್ತವ ಭಾಗವನ್ನೋ ಕಾಲ್ಪನಿಕ ಭಾಗವನ್ನೋ ಬೇರ್ಪಡಿಸಿ ಕೊಡುವ ಕ್ರಿಯೆ ಅದರಲ್ಲಿಲ್ಲ. ಪ್ರಮಾಣವನ್ನು ಕೊಡುವ ಕ್ರಿಯೆಯಿದೆ, ಕೋನವನ್ನು ಕೊಡುವ ಕ್ರಿಯೆಯಿದೆ. ಆದ್ದರಿಂದ ಆಯತೀಯದಿಂದ ಧ್ರುವೀಯಕ್ಕೆ ಹೋಗುವ ದಾರಿ ತೆರೆದಿದೆ. ಹಿಂದಿರುಗುವ ದಾರಿಯಲ್ಲಿ 86.60 ಎಂಬುದು ಪರದೆಯ ಮೇಲೆ ಕಾಣಿಸುತ್ತದೆ, ಆದರೆ ಅದನ್ನು ಎತ್ತಿಕೊಂಡು ಇನ್ನೊಂದು ಸಂಖ್ಯೆಯಿಂದ ಗುಣಿಸಲು ಬರುವುದಿಲ್ಲ.

ಇದರಿಂದ ದೃಶ್ಯಫಲ, ಗ್ರಾಹ್ಯಫಲ ಎಂಬ ಭೇದ ಸಿದ್ಧವಾಯಿತು. ಕಣ್ಣಿಗೆ ತೋರುವುದು ದೃಶ್ಯಫಲ. ಮುಂದಿನ ಕ್ರಿಯೆಗೆ ವಿಷಯವಾಗಬಲ್ಲದ್ದು ಗ್ರಾಹ್ಯಫಲ. ಎಲ್ಲ ಗ್ರಾಹ್ಯಫಲವೂ ದೃಶ್ಯವಾಗಬಹುದು, ಎಲ್ಲ ದೃಶ್ಯಫಲವೂ ಗ್ರಾಹ್ಯವಲ್ಲ. ಕನ್ನಡಿಯೊಳಗಿನ ಗಂಟು ಕಾಣುತ್ತದೆ, ಕೈಗೆ ದಕ್ಕುವುದಿಲ್ಲ. ಲಕ್ಷಣದಲ್ಲಿ ‘ಗ್ರಾಹ್ಯವಾದ ರೂಪದಲ್ಲಿ’ ಎಂಬ ವಿಶೇಷಣ ಇಟ್ಟದ್ದು ಈ ಭೇದಕ್ಕಾಗಿಯೇ.

ಕಂಡದ್ದನ್ನು ಮತ್ತೆ ಊಡಿಸಿದರೆ ಗ್ರಾಹ್ಯವಾಗುವುದಲ್ಲ ಎಂದರೆ, ಆಗುತ್ತದೆ, ಆದರೆ ಅದನ್ನು ಗ್ರಾಹ್ಯವಾಗಿಸಿದ್ದು ಯಂತ್ರವಲ್ಲ, ಮನುಷ್ಯ. ಯಂತ್ರದಿಂದ ಯಂತ್ರಕ್ಕೆ ಹೋಗಬೇಕಾದ ಸಂಖ್ಯೆ ಕಣ್ಣು-ಬೆರಳುಗಳ ಮೂಲಕ ಸುತ್ತಿಬಂದರೆ 86.60 ಎಂಬುದು 68.60 ಆಗುವ ಸಂಭವ ಪ್ರತಿಸಲವೂ ಇದೆ. ಹನ್ನೆರಡು ಭುಜಗಳ ಟ್ರ್ಯಾವರ್ಸಿಗೆ ಇಂಥ ಇಪ್ಪತ್ತನಾಲ್ಕು ಪ್ರತಿಲೇಖನಗಳು. ಪರದೆಯ ಅಂಕೆಗಳ ಆಚೆಗೆ ಯಂತ್ರವು ಒಳಗೆ ಹಿಡಿದಿಟ್ಟ ಸೂಕ್ಷ್ಮಾಂಕಗಳೂ ಈ ಸುತ್ತುದಾರಿಯಲ್ಲಿ ಉದುರುತ್ತವೆ.

ಪ್ರಮಾಣವನ್ನು ಕೋನದ ಕೊಸೈನಿನಿಂದ ಗುಣಿಸಿದರೆ ವಾಸ್ತವ ಭಾಗ ಬರುವುದಲ್ಲ ಎಂದು ಮತ್ತೊಬ್ಬನು ಹೇಳಬಹುದು. ಬರುತ್ತದೆ. ಆದರೆ ಅದು 1972ರ ಎಚ್‌ಪಿ-35ರಲ್ಲಿಯೂ ಬರುತ್ತಿತ್ತು. ಪ್ರಾಗಭಾವದ ಕಾಲದಲ್ಲಿ ಲಭ್ಯವಿದ್ದ ಉಪಾಯವನ್ನು ಪ್ರಧ್ವಂಸದ ಪೂರಣವೆಂದು ಹೇಳುವುದು ಅಸಂಗತ. ಹಾಗಾದರೆ ಆ ಕೀಲಿ ನಡುವೆ ಹುಟ್ಟಿದ್ದೇ ನಿಷ್ಫಲವೆನ್ನಬೇಕಾಗುತ್ತದೆ. ಬೇರ್ಪಡಿಸುವ ಕ್ರಿಯೆ ಅಶಕ್ಯವಾದದ್ದೂ ಅಲ್ಲ. ಅದೇ ಸಂತತಿಯ 1982ರ ಎಚ್‌ಪಿ-15ಸಿಯಲ್ಲಿ ವಾಸ್ತವ-ಕಾಲ್ಪನಿಕ ಭಾಗಗಳನ್ನು ಅದಲುಬದಲು ಮಾಡುವ ಕೀಲಿಯಿತ್ತು, 1988ರ ಎಚ್‌ಪಿ-42ಎಸ್‌ನಲ್ಲಿ ಒಂದೇ ಕ್ರಿಯೆಯು ಎರಡನ್ನು ಒಂದಾಗಿಸುತ್ತಲೂ ಒಂದನ್ನು ಎರಡಾಗಿಸುತ್ತಲೂ ಇತ್ತು. ಕ್ಯಾಸಿಯೊ ಸಂತತಿಯಲ್ಲಿ ಗ್ರಾಹ್ಯತೆಯ ಕಥೆ ವಿಪರೀತಕ್ರಮದಲ್ಲಿ ನಡೆದಿದೆ. 991ಎಮ್‌ಎಸ್‌ನಲ್ಲಿ ಪರಿವರ್ತನೆಯ ಎರಡು ಫಲಗಳು ಇ ಮತ್ತು ಎಫ್ ಎಂಬ ಚರರಾಶಿಗಳಲ್ಲಿ ತಾವಾಗಿಯೇ ಸಂಗ್ರಹವಾಗುತ್ತವೆ, ಇಎಸ್‌ನಲ್ಲಿ ಎಕ್ಸ್ ಮತ್ತು ವೈಗಳಲ್ಲಿ. ಇಎಕ್ಸ್‌ನಲ್ಲಿ ವಾಸ್ತವ ಭಾಗ, ಕಾಲ್ಪನಿಕ ಭಾಗ ಎಂಬ ಕ್ರಿಯೆಗಳೂ ಸೇರಿದವು. ಪ್ರೋಗ್ರಾಮ್ ಬರೆಯಲಾಗದ ಅಲ್ಪಬೆಲೆಯ ಯಂತ್ರವು ಗ್ರಾಹ್ಯತೆಯನ್ನು ಕಾಪಾಡಿದೆ, ಬಹುಬೆಲೆಯ ಯಂತ್ರವು ಕಾಪಾಡಲಿಲ್ಲ. ಇದು ಖೇದಕರ.

ಮೂರನೆಯ ಪೂರ್ವಪಕ್ಷ: 35ಎಸ್ ಪ್ರೋಗ್ರಾಮ್ ಸ್ವೀಕರಿಸುವ ಯಂತ್ರ. ಇಲ್ಲದ ಕ್ರಿಯೆಯನ್ನು ಬಳಕೆದಾರನೇ ಬರೆದುಕೊಳ್ಳಬಹುದು, ಆದ್ದರಿಂದ ಅಂಥ ಯಂತ್ರದಲ್ಲಿ ಯಾವುದೂ ಲುಪ್ತವಲ್ಲ.

ಇಲ್ಲಿ ಯಂತ್ರದೊಡನೆಯೇ ಬಂದ ಸ್ವರೂಪಸಿದ್ಧ ಧರ್ಮ, ಬಳಕೆದಾರನು ತಂದು ಸೇರಿಸಿದ ಆಹಾರ್ಯ ಧರ್ಮ ಎಂದು ವಿಭಾಗಿಸಬೇಕು. ಸ್ವರೂಪಸಿದ್ಧವಾದ ಪರಿವರ್ತನೆಯು ಎಕ್ಸ್ ಮತ್ತು ವೈಗಳನ್ನು ಮಾತ್ರ ಮುಟ್ಟುತ್ತದೆ. ಜ಼ೆಡ್ ಮತ್ತು ಟಿಗಳಲ್ಲಿ ಲೆಕ್ಕಿಗನು ಕಾದಿಟ್ಟ ಸಂಖ್ಯೆಗಳು ಹಾಗೆಯೇ ಇರುತ್ತವೆ. ಆಹಾರ್ಯವಾದುದು ಹಾಗಲ್ಲ. ಸೈನ್ ತೆಗೆದು, ಕೋನವನ್ನು ಮರಳಿ ಕರೆದು, ಕೊಸೈನ್ ತೆಗೆಯುವ ಹೊತ್ತಿಗೆ ಸ್ಟ್ಯಾಕ್ ಒಂದು ಮೆಟ್ಟಿಲು ಮೇಲೇರಿ ಟಿಯಲ್ಲಿದ್ದುದು ನಷ್ಟವಾಗುತ್ತದೆ. ಅದನ್ನು ತಪ್ಪಿಸಲು ಚರರಾಶಿಯನ್ನು ಬಳಸಿದರೆ ಆ ಚರರಾಶಿಯಲ್ಲಿದ್ದುದು ನಷ್ಟವಾಗುತ್ತದೆ. ಯಾವುದಾದರೊಂದು ಬಲಿ ಕೊಡದೆ ಈ ಪ್ರತಿನಿಧಿ ನಿಲ್ಲದು. ಅದಲ್ಲದೆ ಇಪ್ಪತ್ತಾರು ಅಕ್ಷರನಾಮಗಳಲ್ಲಿ ಒಂದನ್ನು ಅದಕ್ಕೆ ಮೀಸಲಿಡಬೇಕು. ಸ್ಮೃತಿ ಅಳಿದರೆ ಅದೂ ಅಳಿಯುತ್ತದೆ. ಈ ಯಂತ್ರದಿಂದ ಪ್ರೋಗ್ರಾಮನ್ನು ಹೊರಗೆ ಕಳಿಸಲು ಯಾವ ದ್ವಾರವೂ ಇಲ್ಲದಿರುವುದರಿಂದ ಕಾಗದದಲ್ಲಿ ಬರೆದಿಟ್ಟುಕೊಂಡದ್ದನ್ನು ಒಂದೊಂದಾಗಿ ಮತ್ತೆ ಒತ್ತಬೇಕು. 1974ರ ಎಚ್‌ಪಿ-65ಕ್ಕೆ ಕಾಂತೀಯ ಕಾರ್ಡು ಇತ್ತು ಎಂಬುದನ್ನು ಸ್ಮರಿಸಿದರೆ ಈ ಅಭಾವವೂ ಸಂತತಿಯ ದೃಷ್ಟಿಯಿಂದ ಪ್ರಧ್ವಂಸವೇ.

ಹಾಗೆಂದು ಆಹಾರ್ಯಧರ್ಮವು ಸರ್ವಥಾ ಹೇಯವಲ್ಲ. ಪುನಃಪುನಃ ಒಂದೇ ಲೆಕ್ಕ ಮಾಡುವವನಿಗೆ ಅದು ಗೌಣ ಪೂರಣ. ಗೌಣ ಪೂರಣಕ್ಕೆ ಇದಕ್ಕಿಂತ ಸ್ವಚ್ಛವಾದ ಉದಾಹರಣೆಯೂ ಇದೆ: 35ಎಸ್‌ನ ವರ್ಗಮೂಲದ ಕೀಲಿಯು ಸಂಕೀರ್ಣ ಸಂಖ್ಯೆಯನ್ನು ಸ್ವೀಕರಿಸುವುದಿಲ್ಲ, ಆದರೆ 0.5ರ ಘಾತಕ್ಕೆ ಏರಿಸಿದರೆ ಅದೇ ಫಲ ಗ್ರಾಹ್ಯರೂಪದಲ್ಲೇ ಬರುತ್ತದೆ. ಆಯಾಸ ಕಿಂಚಿತ್, ನಷ್ಟವೇನಿಲ್ಲ. ನೀವಾರವು ವ್ರೀಹಿಗೆ ಹೇಗೋ ಹಾಗೆ. ಪ್ರಯೋಜನವು ದೃಶ್ಯಮಾತ್ರವಾಗಿ ಉಳಿದರೆ ಅದು ಪೂರಣಾಭಾಸ. ಹೀಗೆ ಮುಖ್ಯ, ಗೌಣ, ಆಭಾಸ ಎಂದು ಪೂರಣವು ತ್ರಿವಿಧ.

ನೂತನದ ಇತರ ಗುಣಗಳಲ್ಲಿ ಕೆಲವು ಈ ವಿಚಾರಕ್ಕೆ ಸೇರಿದವುಗಳೇ ಅಲ್ಲ. 33ಎಸ್‌ನಲ್ಲಿ 31 ಕಿಲೊಬೈಟ್ ಸ್ಮೃತಿಯಿದ್ದರೂ ನೇರವಾಗಿ ಹೆಸರಿಟ್ಟು ಬಳಸಬಲ್ಲ ಚರರಾಶಿಗಳು ಇಪ್ಪತ್ತೇಳೇ, ಪ್ರೋಗ್ರಾಮಿನೊಳಗೆ ಜಿಗಿಯುವುದೂ ಅಕ್ಷರನಾಮಗಳಿಗೆ ಮಾತ್ರ. ಉಗ್ರಾಣ ದೊಡ್ಡದು, ಬಾಗಿಲು ಚಿಕ್ಕದು. 35ಎಸ್‌ನಲ್ಲಿ ಪರೋಕ್ಷವಾಗಿ ತಲುಪಬಲ್ಲ 800ಕ್ಕೂ ಹೆಚ್ಚು ರಿಜಿಸ್ಟರ್‌ಗಳು ಬಂದವು, ಸಾಲಿನ ಸಂಖ್ಯೆಗೆ ಜಿಗಿಯುವ ಸೌಕರ್ಯ ಬಂದಿತು. ಇದು ಪೂರ್ವಯಂತ್ರದ ದೋಷದ ನಿವೃತ್ತಿ, ಉತ್ತರಯಂತ್ರದ ದೋಷದ ಪೂರಣವಲ್ಲ. ಹಳೆಯ ಸಾಲ ತೀರಿಸಿದ್ದು ಹೊಸ ಸಾಲಕ್ಕೆ ಜಮೆಯಾಗುವುದಿಲ್ಲ. ಅಗಲವಾದ ಎಂಟರ್ ಕೀಲಿಯ ಪುನರಾಗಮನವೂ ಹಾಗೆಯೇ. ಅದು ಯಾವ ಒಂದು ಲೆಕ್ಕದ ಫಲದಲ್ಲೂ ಪ್ರವೇಶಿಸದೆ ಎಲ್ಲ ಲೆಕ್ಕಗಳಿಗೂ ದೂರದಿಂದ ಉಪಕರಿಸುತ್ತದೆ. ಮೀಮಾಂಸಕರ ಪರಿಭಾಷೆಯಲ್ಲಿ ಆರಾದುಪಕಾರಕ. ಲುಪ್ತವಾದ ಕೀಲಿಯಾದರೋ ಲೆಕ್ಕದೊಳಗೇ ಸೇರಿ ಉಪಕರಿಸುವ ಸನ್ನಿಪತ್ಯೋಪಕಾರಕವಾಗಿತ್ತು. ಒಂದರ ಸ್ಥಾನಕ್ಕೆ ಇನ್ನೊಂದು ಬರುವುದಿಲ್ಲ. ಸದಿಶಗಳು ಸೇರಿವೆ, ಬಿಂದುಗುಣಲಬ್ಧವಿದೆ, ಅಡ್ಡಗುಣಲಬ್ಧಕ್ಕೆ ಕೀಲಿಯಿಲ್ಲ. ಅದು ಅಪೂರ್ಣ ಲಾಭವಷ್ಟೇ, ಭೂಮಾಪಕನ ನಷ್ಟಕ್ಕೆ ಅದರ ಸಂಬಂಧವಿಲ್ಲ.

ಉಳಿದದ್ದು ಅಧಿಕಾರಿಭೇದ. ಪರ್ಯಾಯವಿದ್ಯುತ್ ಮಂಡಲಗಳ ಲೆಕ್ಕ ಮಾಡುವವನಿಗೆ ಇಂಪೀಡೆನ್ಸ್‌ಗಳ ಮೊತ್ತ, ಗುಣಲಬ್ಧ, ಭಾಗಲಬ್ಧಗಳು ಸಂಕೀರ್ಣ ಸಂಖ್ಯೆಯಾಗಿಯೇ ಬೇಕು. ಅವನಿಗೆ ಬಿಡಿಸಿಕೊಳ್ಳುವ ಅಗತ್ಯ ವಿರಳ, ಬಿಡಿಸಿದರೂ ಬೇಕಾದದ್ದು ಬಹುಶಃ ಪ್ರಮಾಣ ಮತ್ತು ಕೋನ, ಅವೆರಡೂ ಸಿಗುತ್ತವೆ. ಅವನ ವಿಷಯದಲ್ಲಿ ಮುಖ್ಯ ಪೂರಣ ನಿಸ್ಸಂದೇಹವಾಗಿ ಸಿದ್ಧ. ಭೂಮಾಪಕನ ವಿಷಯದಲ್ಲಿ ಸಮುದಾಯಫಲಕ್ಕೆ ಮುಖ್ಯ, ಆಯತೀಯದಿಂದ ಧ್ರುವೀಯಕ್ಕೆ ಗೌಣ, ಧ್ರುವೀಯದಿಂದ ಆಯತೀಯಕ್ಕೆ ಪ್ರೋಗ್ರಾಮಿದ್ದರೆ ಗೌಣ, ಇಲ್ಲದಿದ್ದರೆ ಆಭಾಸ. ಒಂದೇ ಯಂತ್ರ, ಒಂದೇ ಲೋಪ, ಆದರೂ ಉತ್ತರ ಒಂದೇ ಅಲ್ಲ.

ಅಮೆರಿಕದಲ್ಲಿ ಇಂಜಿನಿಯರಿಂಗ್ ಮತ್ತು ಭೂಮಾಪನದ ಪರವಾನಗಿ ಪರೀಕ್ಷೆಗಳನ್ನು ನಡೆಸುವ ಎನ್‌ಸಿಇಇಎಸ್ ಮಂಡಳಿಯ ಅನುಮತಿಪಟ್ಟಿಯಲ್ಲಿ ಎಚ್‌ಪಿ ಯಂತ್ರಗಳಲ್ಲಿ 33ಎಸ್ ಮತ್ತು 35ಎಸ್ ಎಂಬ ಎರಡೇ ಬಹುಕಾಲ ಇದ್ದವು. ಅಲ್ಲಿ 42ಎಸ್ ಎಷ್ಟು ಸಮರ್ಥವಾದರೂ ಅನಧಿಕೃತವಾಗಿತ್ತು. ನಿಯಮದಿಂದ ನಿಷಿದ್ಧವಾದ ದ್ರವ್ಯವು ಸಾದೃಶ್ಯವಿದ್ದರೂ ಪ್ರತಿನಿಧಿಯಾಗಲಾರದೆಂಬುದು ಮೀಮಾಂಸಕರಿಗೂ ಸಮ್ಮತ. ಆದುದರಿಂದ ಎಚ್‌ಪಿ ಯಂತ್ರವನ್ನೇ ಬಯಸುವ ಪರೀಕ್ಷಾರ್ಥಿಗೆ ಪ್ರಶ್ನೆಯು ಈ ಎರಡರ ನಡುವೆಯೇ ನಿಲ್ಲುತ್ತಿತ್ತು, ಮತ್ತು ಭೂಮಾಪನದ ಪರೀಕ್ಷಾರ್ಥಿಯು 33ಎಸ್ ಅನ್ನು ಉಳಿಸಿಕೊಂಡಿದ್ದರೆ ಅದು ಹಳೆಯದರ ಹಟವಾಗಿರಲಿಲ್ಲ.

ಪೂರ್ವಯಂತ್ರವನ್ನು ಕಂಡೇ ಇಲ್ಲದವನಿಗೆ ಲೋಪವೇ ಇಲ್ಲ, ಅವನ ವಿಷಯದಲ್ಲಿ ಪೂರಣವಿಚಾರ ನಿರವಕಾಶ ಎಂಬ ಕಡೆಯ ಶಂಕೆ ಬರಬಹುದು. ಅಭಾವದ ಜ್ಞಾನಕ್ಕೆ ಪ್ರತಿಯೋಗಿಯ ಜ್ಞಾನ ಬೇಕೆಂಬುದು ನಿಜ. ಅಭಾವಕ್ಕೇ ಅದು ಬೇಕಿಲ್ಲ. ಆ ಕೀಲಿಯನ್ನು ಎಂದೂ ಕಾಣದ ಯುವ ಭೂಮಾಪಕನು ಪರದೆಯ ಮೇಲಿನ 86.60ನ್ನು ಓದಿ, ಫೀಲ್ಡ್ ಬುಕ್ಕಿನಲ್ಲಿ ಬರೆದು, ಅದನ್ನೇ ಮತ್ತೆ ಅಂಕೆ ಅಂಕೆಯಾಗಿ ಒತ್ತುತ್ತಾನೆ. ಲೆಕ್ಕವೆಂದರೆ ಹೀಗೆಯೇ ಇರುತ್ತದೆಂದು ತಿಳಿದಿದ್ದಾನೆ. ಇಪ್ಪತ್ತನಾಲ್ಕು ಪ್ರತಿಲೇಖನಗಳ ಶ್ರಮ ಅವನಿಗೂ ಇಪ್ಪತ್ತನಾಲ್ಕೇ.